ಓದುಗರ ಪ್ರಶ್ನೆ: ಹಳೆಯ ರಂಗಮಂದಿರಗಳನ್ನು ನಡೆಸುವವರ ಸಮ್ಮೇಳನ

ಪ್ರಶ್ನೆ: ಐತಿಹಾಸಿಕ ರಂಗಮಂದಿರಗಳನ್ನು ಉಳಿಸಿಕೊಳ್ಳುವ ಸಲುವಾಗಿಯೇ ಅಮೆರಿಕದಲ್ಲಿ ಪ್ರತಿವರ್ಷ ಒಂದು ಸಮ್ಮೇಳನ ನಡೆಯುತ್ತದೆಯೆಂದು ಓದಿದೆ. ಹಳೆಯ ಕಟ್ಟಡದ ಜೀರ್ಣೋದ್ಧಾರ ಎಂಜಿನಿಯರುಗಳ ಕೆಲಸವಲ್ಲವೇ? ಅಲ್ಲಿ ಯಾರು ಸೇರುತ್ತಾರೆ, ಏನು ಚರ್ಚಿಸುತ್ತಾರೆ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾವು ಓದಿದ್ದು 1976ರಲ್ಲಿ ಸ್ಥಾಪನೆಯಾದ ‘ಲೀಗ್ ಆಫ್ ಹಿಸ್ಟಾರಿಕ್ ಅಮೆರಿಕನ್ ಥಿಯೇಟರ್ಸ್’ ಸಂಸ್ಥೆಯ ವಾರ್ಷಿಕ ಸಮ್ಮೇಳನದ ಬಗ್ಗೆ ಇರಬೇಕು. ಅದು ವರ್ಷಕ್ಕೊಂದು ನಗರದಲ್ಲಿ ನಡೆಯುತ್ತದೆ. ಗೋಷ್ಠಿಗಳ ಜೊತೆಗೆ ಆ ನಗರದ ಹಳೆಯ ರಂಗಮಂದಿರಗಳನ್ನು ಒಳಹೊಕ್ಕು ನೋಡುವ ಪ್ರವಾಸವೂ ಇರುತ್ತದೆ. ವಾಸ್ತುಶಿಲ್ಪಿಗಳು ಮತ್ತು ದುರಸ್ತಿ ಕೆಲಸದ ಪರಿಣತರು ಬರುತ್ತಾರೆ ನಿಜ. ಆದರೆ ಸಮ್ಮೇಳನದ ಜೀವಾಳವೆಂದರೆ ಇಂತಹ ಮಂದಿರಗಳನ್ನು ದಿನನಿತ್ಯ ನಡೆಸುವ ವ್ಯವಸ್ಥಾಪಕರು ಮತ್ತು ಅವುಗಳ ಹೊಣೆ ಹೊತ್ತ ಟ್ರಸ್ಟಿಗಳು. ಏಕೆಂದರೆ, ಕಟ್ಟಡವನ್ನು ಒಮ್ಮೆ ದುರಸ್ತಿ ಮಾಡುವುದಕ್ಕಿಂತ, ಆಮೇಲಿನ ಇಪ್ಪತ್ತು ಮೂವತ್ತು ವರ್ಷ ಅದರ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ‘ಪ್ಲೇಹೌಸ್ ಸ್ಕ್ವೇರ್’ ಇದಕ್ಕೆ ಒಳ್ಳೆಯ ನಿದರ್ಶನ. 1921 ಮತ್ತು 1922ರಲ್ಲಿ ಅಲ್ಲಿ ಐದು ಭವ್ಯ ರಂಗಮಂದಿರಗಳು ತೆರೆದವು. ಟಿ.ವಿ. ಬಂದು, ಅನುಕೂಲಸ್ಥ ಕುಟುಂಬಗಳು ಊರ ಹೊರಗಿನ ಬಡಾವಣೆಗಳಿಗೆ ಹೋಗಿ ನೆಲೆಸಿದ ಮೇಲೆ, 1969ರ ಹೊತ್ತಿಗೆ ಅವುಗಳಲ್ಲಿ ನಾಲ್ಕು ಮುಚ್ಚಿದ್ದವು. 1972ರಲ್ಲಿ ಎರಡನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡುವ ಪ್ರಸ್ತಾಪ ಬಂದಿತು. ಅವುಗಳ ಉಳಿವಿಗಾಗಿ ಅದಾಗಲೇ ಓಡಾಡುತ್ತಿದ್ದ ರೇ ಶೆಪರ್ಡ್‌ಸನ್ ಎಂಬುವರು ನಗರದ ಶಾಲಾ ಆಡಳಿತದಲ್ಲಿ ಉದ್ಯೋಗಿಯಾಗಿದ್ದವರು, ರಂಗಭೂಮಿಯ ಉದ್ಯಮದವರಲ್ಲ. ಪ್ರೇಕ್ಷಾಂಗಣ ಹಾಳುಬಿದ್ದಿದ್ದುದರಿಂದ, ಸ್ಟೇಟ್ ಥಿಯೇಟರಿನ ಉದ್ದನೆಯ ಮೊಗಸಾಲೆಯಲ್ಲಿಯೇ 1973ರಲ್ಲಿ ಒಂದು ಸಂಗೀತ ಪ್ರಯೋಗ ಏರ್ಪಾಡಾಯಿತು. ಕೆಲವೇ ವಾರಗಳಿಗೆಂದು ಆರಂಭವಾದ ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಕಟ್ಟಡ ಸುಂದರವಾಗಿದೆ ಎಂಬ ವಾದಕ್ಕೆ ಸೋಲದ ನಗರ, ಜನ ಟಿಕೆಟ್ ಕೊಂಡು ಬರುತ್ತಾರೆ ಎಂಬ ಸಾಕ್ಷ್ಯಕ್ಕೆ ಸೋತಿತು. ಓಹಾಯೋ ಥಿಯೇಟರ್ 1982ರಲ್ಲಿ, ಸ್ಟೇಟ್ 1984ರಲ್ಲಿ, ಪ್ಯಾಲೆಸ್ 1988ರಲ್ಲಿ ಮತ್ತೆ ತೆರೆದವು. ಅಲ್ಲಿಗೇ ನಿಲ್ಲದೆ, ಪ್ಲೇಹೌಸ್ ಸ್ಕ್ವೇರಿನ ಮಂದಿರಗಳನ್ನು ನಡೆಸುವ ಸಂಸ್ಥೆ ಸುತ್ತಮುತ್ತಲಿನ ಕಟ್ಟಡಗಳ ಒಡೆತನ ಮತ್ತು ನಿರ್ವಹಣೆಗೂ ಕೈಹಾಕಿದ್ದರಿಂದ, ಬಾಡಿಗೆಯ ವರಮಾನ ರಂಗಮಂದಿರಗಳಿಗೆ ಆಸರೆಯಾಯಿತು. ಸಮ್ಮೇಳನಗಳಲ್ಲಿ ಒಬ್ಬರಿಂದೊಬ್ಬರು ಕಲಿಯುವುದು ಇಂತಹ ಉಪಾಯಗಳನ್ನೇ. ಚಿನ್ನದ ಲೇಪವಿರುವ ಕಮಾನಿನ ದುರಸ್ತಿಗೆ ದಾನಿಗಳು ಸಿಗುತ್ತಾರೆ. ಚಾವಣಿಯ ಮಳೆನೀರಿನ ಕೊಳವೆಗೆ ತಮ್ಮ ಹೆಸರಿಡಿ ಎಂದು ಕೇಳುವ ದಾನಿ ಅಪರೂಪ.

ಪ್ರಶ್ನೆ: ನೂರು ವರ್ಷ ದಾಟಿದ ರಂಗಮಂದಿರದಲ್ಲಿ ಕುಳಿತುಕೊಳ್ಳುವುದು ಸುರಕ್ಷಿತವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವಯಸ್ಸೊಂದೇ ಅಪಾಯವಲ್ಲ, ಕಣ್ಣಿಗೆ ಬೀಳದ ಭಾಗಗಳನ್ನು ಪರೀಕ್ಷಿಸದಿರುವುದು ಅಪಾಯ. ಲಂಡನ್ನಿನ ಅಪೊಲೊ ಥಿಯೇಟರ್ 1901ರಲ್ಲಿ ಕಟ್ಟಿದ್ದು. 2013ರ ಡಿಸೆಂಬರ್ 19ರ ಸಂಜೆ, ಪ್ರದರ್ಶನ ನಡೆಯುತ್ತಿದ್ದಾಗಲೇ ಅದರ ಒಳಚಾವಣಿಯ ಒಂದು ಭಾಗ ಕುಸಿದು 70ಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಕಾಲದ ಅಲಂಕಾರಿಕ ಚಾವಣಿಗಳೆಂದರೆ, ನಾರುಬಟ್ಟೆ ಸೇರಿಸಿ ಎರಕ ಹೊಯ್ದ ಪ್ಲಾಸ್ಟರ್ ಹಲಗೆಗಳನ್ನು, ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆಯ ಕಟ್ಟುಗಳಿಂದ ಮೇಲಿನ ಮರದ ತೊಲೆಗಳಿಗೆ ತೂಗುಹಾಕಿದ ರಚನೆಗಳು. ಅಪೊಲೊದಲ್ಲಿ ಶಿಥಿಲವಾಗಿದ್ದದ್ದು ಈ ಕಟ್ಟುಗಳೇ. ಕೆಳಗೆ ಕುಳಿತವರಿಗೆ ಬಣ್ಣ, ಹೂಬಳ್ಳಿಗಳಷ್ಟೇ ಕಾಣುತ್ತವೆ. ಕಟ್ಟುಗಳನ್ನು ನೋಡಬೇಕಾದರೆ ಪರಿಣತರು ಚಾವಣಿಯ ಮೇಲಿನ ಕತ್ತಲ ಜಾಗಕ್ಕೆ ಇಳಿಯಬೇಕು. ಈ ಘಟನೆಯ ನಂತರ ಇಂಗ್ಲೆಂಡಿನಲ್ಲಿ ತೂಗುಚಾವಣಿಗಳ ತಪಾಸಣೆಗೆ ವಿವರವಾದ ಮಾರ್ಗಸೂಚಿ ಬಂದಿತು. ಒಂದು ಮಂದಿರದ ದುರಂತ ಉಳಿದವುಗಳಿಗೆ ಎಚ್ಚರಿಕೆಯಾಗಬೇಕಾದರೆ, ಆ ವೃತ್ತಿಯವರು ಪರಸ್ಪರ ಮಾತನಾಡುವ ವೇದಿಕೆ ಬೇಕೇ ಬೇಕು.

ಪ್ರಶ್ನೆ: ಇದೆಲ್ಲ ದೊಡ್ಡ ನಗರಗಳ ಮಾತಾಯಿತು. ಸಣ್ಣ ಊರಿನ ರಂಗಮಂದಿರಕ್ಕೆ ಯಾರು ದಿಕ್ಕು?
– ಓದುಗರೊಬ್ಬರು, ಗದಗ

ಉತ್ತರ: ಎರಡು ದಾರಿಗಳನ್ನು ಹೇಳಬಹುದು. ಮೊದಲನೆಯದು ಕಾನೂನು. ಬ್ರಿಟನ್ನಿನಲ್ಲಿ 1976ರ ಕಾಯ್ದೆಯಿಂದ ರಚನೆಯಾದ ‘ಥಿಯೇಟರ್ಸ್ ಟ್ರಸ್ಟ್’ ಇದೆ. ರಂಗಮಂದಿರಕ್ಕೆ ಸಂಬಂಧಿಸಿದ ಕಟ್ಟಡ ಯೋಜನೆಗೆ ಅನುಮತಿ ಕೊಡುವ ಮುನ್ನ ಸ್ಥಳೀಯ ಆಡಳಿತ ಅದರ ಅಭಿಪ್ರಾಯ ಪಡೆಯಬೇಕು. ಅಪಾಯದಲ್ಲಿರುವ ಮಂದಿರಗಳ ಪಟ್ಟಿಯನ್ನೂ ಅದು ಪ್ರಕಟಿಸುತ್ತದೆ. ಎರಡನೆಯದು, ದೊಡ್ಡ ಮಂದಿರ ಚಿಕ್ಕದರ ಕೈಹಿಡಿಯುವುದು. ಅಟ್ಲಾಂಟಾದಲ್ಲಿ 1929ರಲ್ಲಿ ತೆರೆದ ಫಾಕ್ಸ್ ಥಿಯೇಟರನ್ನು 1970ರ ದಶಕದಲ್ಲಿ ದೂರವಾಣಿ ಕಂಪನಿಯೊಂದು ಕೆಡವಲು ಹೊರಟಾಗ ನಾಗರಿಕರು ಚಂದಾ ಎತ್ತಿ ಉಳಿಸಿಕೊಂಡರು. ಅದೇ ಫಾಕ್ಸ್ 2008ರಲ್ಲಿ ಸ್ಥಾಪಿಸಿದ ವಿಭಾಗವೊಂದು ಈಗ ಜಾರ್ಜಿಯಾ ರಾಜ್ಯದ ಸಣ್ಣ ಊರುಗಳ ಹಳೆಯ ರಂಗಮಂದಿರಗಳಿಗೆ ಧನಸಹಾಯ ಮತ್ತು ತಾಂತ್ರಿಕ ಸಲಹೆ ನೀಡುತ್ತದೆ.

ನಮ್ಮ ಕಂಪನಿ ನಾಟಕಗಳು ಊರಿಂದೂರಿಗೆ ಕ್ಯಾಂಪು ಹಾಕಿ, ತಾತ್ಕಾಲಿಕ ಥಿಯೇಟರುಗಳಲ್ಲಿ ಆಡಿ ಬೆಳೆದವು; ಹಾಗಾಗಿ ಉಳಿಸಿಕೊಳ್ಳಬೇಕಾದ ಹಳೆಯ ಕಟ್ಟಡಗಳು ನಮ್ಮಲ್ಲಿ ಕಡಿಮೆ. ಇರುವ ಪುರಭವನಗಳ ಮಟ್ಟಿಗೆ, ಲಂಡನ್ನಿನ ರಂಗಮಂದಿರಗಳ ಪ್ರದೇಶವಾದ ವೆಸ್ಟ್ ಎಂಡ್‌ನಲ್ಲಿ ರೂಢಿಯಲ್ಲಿರುವಂತೆ ಟಿಕೆಟ್ಟಿನೊಳಗೇ ದುರಸ್ತಿಗೆಂದು ಅಲ್ಪ ಮೊತ್ತ ಸೇರಿಸಿ, ಅದನ್ನು ಬೇರೆ ಖರ್ಚಿಗೆ ಬಳಸದೆ ಪ್ರತ್ಯೇಕ ಖಾತೆಯಲ್ಲಿಡುವ ಕ್ರಮವನ್ನು ತಮ್ಮ ಊರಿನ ರಂಗಸಂಘಗಳು ನಗರಸಭೆಯ ಮುಂದಿಡಬಹುದು.