ಲೇಪನ ಉಳಿಸುವುದೆಷ್ಟು, ತೊಡಕಾಗುವುದೆಷ್ಟು?

ಪ್ರಶ್ನೆ: ಮೇಲ್ಮೈ ಎಂಜಿನಿಯರಿಂಗ್, ಅಂದರೆ ವಸ್ತುವಿನ ಹೊರಪದರವನ್ನಷ್ಟೇ ಲೇಪನ ಅಥವಾ ಸಂಸ್ಕರಣೆಯಿಂದ ಬಲಪಡಿಸುವ ತಂತ್ರ, ಬೆಳೆದಂತೆ ಲೋಹಗಳ ಬಳಕೆ ತಗ್ಗುತ್ತದೆ ಎಂದು ಓದಿದ್ದೇನೆ. ಆದರೆ ಒಂದು ಲೋಹದ ಮೇಲೆ ಇನ್ನೊಂದನ್ನು ಅಂಟಿಸುತ್ತ ಹೋದರೆ ಮುಂದೆ ಅವುಗಳ ಮರುಬಳಕೆಗೆ ಅದೇ ಅಡ್ಡಿಯಾಗುವುದಿಲ್ಲವೇ?

ಉತ್ತರ: ಕೆಲವೊಮ್ಮೆ ಆಗುತ್ತದೆ. ಆದರೂ ಉಳಿತಾಯದ ಮಾತು ಹುಸಿಯಲ್ಲ. ಯಂತ್ರದ ಭಾಗವೊಂದು ಕೆಡುವುದು ಬಹುತೇಕ ಮೇಲ್ಮೈಯಿಂದಲೇ: ಸವೆತ, ತುಕ್ಕು ಮತ್ತು ಪದೇಪದೇ ಬೀಳುವ ಒತ್ತಡದಿಂದ ಹುಟ್ಟುವ ಬಿರುಕು ಸಾಮಾನ್ಯವಾಗಿ ಅಲ್ಲಿಯೇ ಶುರುವಾಗುತ್ತವೆ. ಕೆಲವೇ ಮೈಕ್ರೋಮೀಟರ್ ದಪ್ಪದ ಟೈಟಾನಿಯಂ ನೈಟ್ರೈಡ್ ಪದರವು ಲೋಹ ಕೊರೆಯುವ ಉಪಕರಣದ ಬಾಳಿಕೆಯನ್ನು ಹಲವು ಪಟ್ಟು ಹೆಚ್ಚಿಸಬಲ್ಲದು. ಇಡೀ ಉಪಕರಣವನ್ನು ದುಬಾರಿ ವಸ್ತುವಿನಿಂದ ಮಾಡಬೇಕಾದ ಅಗತ್ಯವೇ ಬರುವುದಿಲ್ಲ.

ನಿಮ್ಮ ಸಂದೇಹಕ್ಕೆ ಉತ್ತರ ಇರುವುದು ಯಾವ ಲೋಹದ ಲೇಪನ ಎಂಬುದರಲ್ಲಿ. ಸತುವಿನ ಲೇಪನವಿರುವ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದಾಗ, ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಆವಿಯಾಗಿ ಕುಲುಮೆಯ ಧೂಳಿನೊಡನೆ ಹೊರಬರುತ್ತದೆ, ಆ ಧೂಳಿನಿಂದ ಅದನ್ನು ಮತ್ತೆ ಪಡೆಯಬಹುದು. ತವರ ಹಾಗಲ್ಲ, ಅದು ಕರಗಿದ ಉಕ್ಕಿನಲ್ಲಿಯೇ ಉಳಿದುಬಿಡುತ್ತದೆ, ಪ್ರಮಾಣ ಹೆಚ್ಚಾದರೆ ಬಿಸಿ ಉಕ್ಕನ್ನು ತಗಡಾಗಿ ಎಳೆಯುವಾಗ ಬಿರುಕು ಬಿಡಿಸುತ್ತದೆ. ಹೀಗಾಗಿ ಕರಗಿಸುವ ಮೊದಲೇ ಕ್ಷಾರದ್ರಾವಣದಲ್ಲಿ ವಿದ್ಯುತ್ ಹರಿಸಿ ತವರವನ್ನು ಬಿಡಿಸಿಕೊಳ್ಳುವ ವಿಧಾನ ಬಳಕೆಯಲ್ಲಿದೆ. ಅಂದರೆ ಲೇಪನವನ್ನು ಹಾಕುವಾಗಲೇ ಅದನ್ನು ತೆಗೆಯುವ ದಾರಿಯನ್ನೂ ಯೋಚಿಸಿರಬೇಕು. ಈ ಯೋಚನೆ ಇಂದಿಗೂ ವಿನ್ಯಾಸಕಾರರಲ್ಲಿ ಸಾಲದು ಎಂಬುದು ನನ್ನ ಅಭಿಪ್ರಾಯ.

ಬದಲಿ ಹುಡುಕುವಾಗಲೂ ಎಚ್ಚರ ಬೇಕು. ಗಟ್ಟಿ ಕ್ರೋಮ್ ಲೇಪನಕ್ಕೆ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಅದರ ಸಂಯುಕ್ತವಾದ ಕ್ರೋಮಿಯಂ ಟ್ರೈಆಕ್ಸೈಡ್ ಬಳಕೆಗೆ ಅನುಮತಿ ಕಡ್ಡಾಯವಾಯಿತು. ವಿಮಾನದ ಲ್ಯಾಂಡಿಂಗ್ ಗೇರ್‌ಗಳಲ್ಲಿ ಅದರ ಜಾಗಕ್ಕೆ ಬಂದಿರುವ ಲೇಪನಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಮತ್ತು ಕೋಬಾಲ್ಟ್‌ನ ಸಿಂಪರಣೆ ಮುಖ್ಯವಾದುದು. ವಿಷವೇನೋ ತಗ್ಗಿತು, ಆದರೆ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಎರಡೂ ಅದೇ ಒಕ್ಕೂಟದ ನಿರ್ಣಾಯಕ ಕಚ್ಚಾವಸ್ತುಗಳ, ಅಂದರೆ ಅತ್ಯಗತ್ಯವಾದರೂ ಪೂರೈಕೆ ಕೈಕೊಡುವ ಅಪಾಯವಿರುವ ವಸ್ತುಗಳ, ಪಟ್ಟಿಯಲ್ಲಿವೆ.

ಬೇರೆ ಲೋಹವನ್ನೇ ಸೇರಿಸದ ವಿಧಾನಗಳ ಮೇಲೆ ನನಗೆ ಹೆಚ್ಚು ಭರವಸೆ. ನೈಟ್ರೈಡಿಂಗ್‌ನಲ್ಲಿ ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕಿನ ಮೇಲ್ಪದರಕ್ಕೆ ಸಾರಜನಕವನ್ನು ಇಳಿಸಲಾಗುತ್ತದೆ. ಸಣ್ಣ ಗುಂಡುಗಳನ್ನು ರಭಸವಾಗಿ ಬಡಿಸಿ ಮೇಲ್ಮೈಯನ್ನು ಬಿಗಿಗೊಳಿಸುವ ಶಾಟ್ ಪೀನಿಂಗ್ ಅಂತೂ ಏನನ್ನೂ ಸೇರಿಸುವುದಿಲ್ಲ. ಗುಜರಿಗೆ ಹೋದ ದಿನ ಅಂಥ ಭಾಗವನ್ನು ಸಾಮಾನ್ಯ ಉಕ್ಕಿನಂತೆಯೇ ಕರಗಿಸಬಹುದು. ಅದಕ್ಕೂ ಮೊದಲು, ಸವೆದ ಕಡೆಯಷ್ಟೇ ಲೋಹದ ಪುಡಿಯನ್ನು ಕರಗಿಸಿ ತುಂಬುವ ಲೇಸರ್ ಕ್ಲ್ಯಾಡಿಂಗ್‌ನಿಂದ ದೊಡ್ಡ ಶಾಫ್ಟುಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಸಾಧ್ಯವಿದೆ. ದೀರ್ಘಕಾಲ ದುಡಿಯುವ ದುಬಾರಿ ಭಾಗಗಳಿಗೆ ಇದು ಸರಿಹೊಂದುತ್ತದೆ. ಪ್ಲಾಸ್ಟಿಕ್ ಮತ್ತು ಲೋಹದ ತೆಳುಪದರಗಳನ್ನು ಅಂಟಿಸಿ ಮಾಡಿದ, ಒಮ್ಮೆ ಬಳಸಿ ಎಸೆಯುವ ಬಹುಪದರದ ಪೊಟ್ಟಣಗಳಿಗೆ ಇಂಥ ಯಾವ ಸಮಾಧಾನವೂ ಸದ್ಯಕ್ಕೆ ಕಾಣುತ್ತಿಲ್ಲ, ಅಲ್ಲಿ ನಿಮ್ಮ ಆಕ್ಷೇಪ ಪೂರ್ತಿ ನಿಲ್ಲುತ್ತದೆ.