ಬಾಲಾಘಾಟ್ ಕಡೆಯ ಮ್ಯಾಂಗನೀಸ್ ಕಲ್ಲಿನಲ್ಲಿ ಗಾರ್ನೆಟ್ ಎಲ್ಲಿಂದ ಬಂತು?

ನಿಮ್ಮ ಪ್ರಶ್ನೆ ಎರಡು: ಮಧ್ಯಪ್ರದೇಶದ ಬಾಲಾಘಾಟ್ ಕಡೆಯಿಂದ ತಂದ ಕಪ್ಪು ಕಲ್ಲಿನಲ್ಲಿ ಗಾರ್ನೆಟ್ ಎಂಬ ಗಡಸು ಖನಿಜದ ಕಿತ್ತಳೆ-ಕಂದು ಬಣ್ಣದ ಕಾಳುಗಳೇಕಿವೆ? ಸಂಡೂರಿನ ಅದಿರಿನಂತೆ ಇದು ಕೈಗೆ ಮಸಿ ಹತ್ತಿಸುವುದಿಲ್ಲವೇಕೆ? ಎರಡಕ್ಕೂ ಕಾರಣ ಒಂದೇ. ನಿಮ್ಮ ಕಲ್ಲು ನೆಲದಾಳದ ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡಿದೆ.

ನಾಗಪುರ, ಭಂಡಾರ, ಬಾಲಾಘಾಟ್, ಛಿಂದ್ವಾಡಾಗಳಲ್ಲಿ ಹಬ್ಬಿರುವ ಸೌಸರ್ ಶಿಲಾಸಮೂಹದ ಅದಿರು ಮೊದಲಿಗೆ ಸಮುದ್ರದ ತಳದಲ್ಲಿ ಕುಳಿತ ಕೆಸರು. ಶಾಖ ಹೊಸದಾಗಿ ಮ್ಯಾಂಗನೀಸನ್ನು ತಂದು ಸುರಿಯಲಿಲ್ಲ. ಇದ್ದುದನ್ನೇ ಬೇರೆ ಖನಿಜಗಳಾಗಿ ಜೋಡಿಸಿತು. ಯಾವ ಪದರ ಏನಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಆ ಕೆಸರಿನಲ್ಲಿ ಬೆರೆತಿದ್ದ ಕಲ್ಮಶ. ಜೇಡಿಮಣ್ಣು ಸೇರಿದ್ದಲ್ಲಿ ಅದರ ಅಲ್ಯೂಮಿನಾ, ಸಿಲಿಕಾಗಳನ್ನು ಹಿಡಿದು ಮ್ಯಾಂಗನೀಸ್ ಸ್ಪೆಸರ್ಟೀನ್ ಎಂಬ ಗಾರ್ನೆಟ್ ಆಯಿತು. ನಿಮ್ಮ ಕಾಳುಗಳು ಬಹುತೇಕ ಅವೇ. ಸ್ಪೆಸರ್ಟೀನ್ ಮತ್ತು ಬೆಣಚು ಕೂಡಿದ ಶಿಲೆಗೆ ಭೂವಿಜ್ಞಾನಿ ಲೀ ಫರ್ಮೋರ್ ಅಲ್ಲಿನ ಗೊಂಡರ ಹೆಸರಿನಿಂದ ಗೊಂಡೈಟ್ ಎಂದು ಕರೆದರು. ಅಲ್ಯೂಮಿನಾ ಇಲ್ಲದೆ ಬರೀ ಸಿಲಿಕಾ ಇದ್ದು, ಆಮ್ಲಜನಕವೂ ಕಡಿಮೆಯಿದ್ದರೆ ಗುಲಾಬಿ ಬಣ್ಣದ ರೋಡೊನೈಟ್ ಎಂಬ ಖನಿಜವಾಯಿತು.

ನಿಜವಾದ ಅದಿರು ಸಿಗುವುದು ಕಲ್ಮಶ ಕಡಿಮೆಯಿದ್ದ ಪದರಗಳಲ್ಲಿ. ಮ್ಯಾಂಗನೀಸ್ ಡೈಆಕ್ಸೈಡ್ ಕಾದಾಗ ಒಂದಿಷ್ಟು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಆಗ ತುಸು ಸಿಲಿಕಾ ಕೈಗೆ ಸಿಕ್ಕರೆ ಬ್ರೌನೈಟ್ ಎಂಬ ಖನಿಜ ಹುಟ್ಟುತ್ತದೆ. ಅದರ ತೂಕದಲ್ಲಿ ಸುಮಾರು 10 ಶೇಕಡಾ ಸಿಲಿಕಾ. ಉಕ್ಕಿನ ಬೂದು ಬಣ್ಣ, ಚಾಕುವಿಗೂ ಸುಲಭಕ್ಕೆ ಬಗ್ಗದ ಗಡಸು. ಬಾಲಾಘಾಟ್ ಅದಿರಿನ ಮುಖ್ಯ ಖನಿಜ ಇದೇ. ಅದಕ್ಕೇ ನಿಮ್ಮ ಕಲ್ಲು ಕೈಗೆ ಮಸಿ ಹತ್ತಿಸುವುದಿಲ್ಲ. ಪಶ್ಚಿಮಕ್ಕೆ ಛಿಂದ್ವಾಡಾದತ್ತ ಹೋದಂತೆ ಶಾಖದ ಗುರುತು ಹೆಚ್ಚುತ್ತದೆ. ಬೇರೆ ಮ್ಯಾಂಗನೀಸ್ ಖನಿಜಗಳಾದ ಬಿಕ್ಸ್‌ಬಿಯೈಟ್, ಹಾಸ್ಮನೈಟ್, ಜಾಕೋಬ್ಸೈಟ್‌ಗಳು ಕಾಣಿಸಿಕೊಳ್ಳುತ್ತವೆ. ಫರ್ಮೋರ್ ಅವರಿಗೆ ನಾಮಕರಣದ ಹುಮ್ಮಸ್ಸು ಸ್ವಲ್ಪ ಹೆಚ್ಚೇ ಇತ್ತೆನ್ನಬೇಕು: ಸಿತಾಪಾರ್ ಊರಿನ ಹೆಸರಿಟ್ಟ ಸಿತಾಪಾರೈಟ್ ಆಮೇಲೆ ಬಿಕ್ಸ್‌ಬಿಯೈಟ್ ಎಂದೇ ತಿಳಿಯಿತು, ವ್ರೆಡೆನ್‌ಬರ್ಗೈಟ್ ಎರಡು ಖನಿಜಗಳ ಹೆಣಿಗೆ ಎಂದಾಯಿತು. ಹಾಗೆಂದು ಅವರ 1909ರ ವರದಿಯನ್ನು ಪಕ್ಕಕ್ಕಿಟ್ಟು ಈ ಪ್ರದೇಶದ ಬಗ್ಗೆ ಮಾತನಾಡಲು ಸಾಧ್ಯವಿಲ್ಲ.

ಸಂಡೂರಿನ ಶಿಲೆಗಳು ಇಷ್ಟೊಂದು ಶಾಖ ಕಂಡಿಲ್ಲ. ಅಲ್ಲಿನ ಅದಿರಿನ ಬಹುಪಾಲು, ಮೇಲಿನಿಂದ ಇಳಿದ ನೀರು ಮ್ಯಾಂಗನೀಸ್‌ಯುಕ್ತ ಶಿಲೆಯನ್ನು ಶಿಥಿಲಗೊಳಿಸಿ ಕೂಡಿಹಾಕಿದ್ದು. ಪೈರೊಲುಸೈಟ್‌ನಂಥ ಮೆದು ಖನಿಜಗಳಿರುವುದರಿಂದ ಮಸಿ ಹತ್ತುತ್ತದೆ. ಬಾಲಾಘಾಟ್ ಕಡೆಯಲ್ಲೂ ನೆಲದ ಮೇಲ್ಮೈಗೆ ಹತ್ತಿರದ ಗೊಂಡೈಟ್ ಹೀಗೆಯೇ ಕೊಳೆತು ಮೆತ್ತಗಾಗಿರುವುದುಂಟು. ಆದ್ದರಿಂದ ಮಸಿಯೊಂದನ್ನೇ ನೋಡಿ ಊರು ಹೇಳಬೇಡಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಕಲ್ಲಿನ ಕಪ್ಪು ಭಾಗದ ಚೂರಿಗೆ ಅಯಸ್ಕಾಂತ ಹಿಡಿಯಿರಿ. ಬ್ರೌನೈಟ್ ಆಗಿದ್ದರೆ ಸೆಳೆತ ತೀರಾ ಕ್ಷೀಣ. ಟಪ್ಪನೆ ಅಂಟಿಕೊಂಡರೆ ಕಬ್ಬಿಣ ಬೆರೆತ ಜಾಕೋಬ್ಸೈಟ್ ಇರಬಹುದು, ಇಲ್ಲವೇ ಕಬ್ಬಿಣದ ಖನಿಜವಾದ ಬರಿಯ ಮ್ಯಾಗ್ನೆಟೈಟ್. ಇವೆರಡನ್ನು ಬೇರ್ಪಡಿಸಲು ಪ್ರಯೋಗಾಲಯವೇ ಬೇಕು.