ಮಜ್ಜೆ ಕೊಡುವವಳಿಗೆ ವರದಿ ಏಕಿಲ್ಲ?

"ರಕ್ತದ ಕ್ಯಾನ್ಸರ್ ವಂಶದಿಂದ ಬರುವ ಕಾಯಿಲೆಯಲ್ಲ" ಎಂದು ವಂಶವಾಹಿ ಸಲಹೆಗಾರ್ತಿಯಾದ ನಾನು ತಿಂಗಳಿಗೆ ಹತ್ತು ಸಲವಾದರೂ ಹೇಳುತ್ತೇನೆ. ಬಹುಪಾಲು ರೋಗಿಗಳ ಮಟ್ಟಿಗೆ ಅದು ನಿಜ. ತಾಯಂದಿರ ಎದೆಯ ಭಾರವನ್ನೂ ಇಳಿಸುತ್ತದೆ. ಆದರೆ ಈ ಮಾತು ಸಲ್ಲದ ಮನೆಗಳೂ ಇವೆ. ಅಲ್ಲಿ ಎಲ್ಲರೂ ಕಾಯಿಲೆಯ ಮಗುವಿನ ಸುತ್ತ ಓಡಾಡುತ್ತಾರೆ. ಗಟ್ಟಿಮುಟ್ಟಾಗಿರುವ ಅಕ್ಕನೋ ಅಣ್ಣನೋ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದನ್ನೇ ಮೂರನೆಯ ಸಲ ಕಂಡೆ, ಆದ್ದರಿಂದ ಬರೆಯುತ್ತಿದ್ದೇನೆ. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಮಗ್ಗದ ಕುಟುಂಬ. ಹುಡುಗನಿಗೆ 13 ವರ್ಷ, ನೋಡಿದರೆ ಒಂಬತ್ತು ಎನ್ನಬೇಕು. "ರಕ್ತ ಕಡಿಮೆ" ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ್ದ. ಬಲಗೈ ಹೆಬ್ಬೆರಳು ಹುಟ್ಟಿನಿಂದಲೇ ಸಣ್ಣದು, ಬೆನ್ನ ಮೇಲೆ ಕಂದು ಮಚ್ಚೆಗಳು. ಅವನ್ನು ರಕ್ತದ ಜೊತೆ ಸೇರಿಸಿ ನೋಡಿದವರಿರಲಿಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅಸ್ಥಿಮಜ್ಜೆ ಬತ್ತುತ್ತಿತ್ತು, ರಕ್ತದ ಕ್ಯಾನ್ಸರಿಗೆ ಹೊರಳುವ ಲಕ್ಷಣಗಳೂ ಅದರಲ್ಲಿ ಕಂಡವು. ಕಾಯಿಲೆಯ ಹೆಸರು ಫ್ಯಾಂಕೋನಿ ಅನೀಮಿಯಾ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫ್ಯಾಂಕೋನಿ 1927ರಲ್ಲಿ ಇದನ್ನು ವರ್ಣಿಸಿದ್ದೂ ಒಂದೇ ಮನೆಯ ಮೂವರು ಅಣ್ಣತಮ್ಮಂದಿರನ್ನು ನೋಡಿ.

ತಂದೆಗೆ ವಿವರಿಸಲು ನಾನು ಒದ್ದಾಡುತ್ತಿದ್ದೆ. ಜೀವಕೋಶದಲ್ಲಿ ಡಿಎನ್‌ಎ ಎಳೆಗಳು ಆಗಾಗ ಕೆಡುತ್ತವೆ, ಅದನ್ನು ಸರಿಪಡಿಸುವ ವ್ಯವಸ್ಥೆಯೂ ಅಲ್ಲೇ ಇದೆ, ನಿಮ್ಮ ಮಗನಲ್ಲಿ ಆ ವ್ಯವಸ್ಥೆಯೇ ಕೆಟ್ಟಿದೆ ಎಂದೆ. ಅವರು ತಟ್ಟನೆ, "ಹಾಸಿನ ಎಳೆ ಹರಿದರೂ ಗಂಟು ಹಾಕದೆ ನೇಯ್ದ ಹಾಗೆ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಹಾಗೆ ನೇಯ್ದ ಬಟ್ಟೆಯಲ್ಲಿ ಒಂದು ದಿನ ಕಾಣುವ ದೊಡ್ಡ ದೋಷವೇ ಕ್ಯಾನ್ಸರ್.

ಈ ಕಾಯಿಲೆ ಬರಲು ಸಾಮಾನ್ಯವಾಗಿ ತಂದೆತಾಯಿ ಇಬ್ಬರೂ ಅದೇ ವಂಶವಾಹಿಯ ದೋಷವನ್ನು ದಾಟಿಸಬೇಕು. ಇವರದು ಸೋದರಮಾವನ ಮದುವೆ. ಹುಡುಗನ 22 ವರ್ಷದ ಅಕ್ಕನಿಗೂ ಅವಳ ಸೋದರಮಾವನೊಡನೆಯೇ ನಿಶ್ಚಿತಾರ್ಥವಾಗಿತ್ತು. ಹುಡುಗನಿಗೆ ಹೊಂದುವವರ ಮಜ್ಜೆಯನ್ನು ಕಸಿ ಮಾಡಬೇಕಿತ್ತು, ಅವಳ ಮಜ್ಜೆ ತಮ್ಮನಿಗೆ ಪೂರ್ತಿ ಹೊಂದಿತು. ಮನೆಯವರು ಕೈಮುಗಿದರು. ಆಮೇಲೆ ತಂದೆ ಒಬ್ಬರೇ ಬಂದು ಹೇಳಿದರು: "ಮೇಡಂ, ಬೇರೆ ಪರೀಕ್ಷೆಯ ವಿಷಯ ಅವಳ ಕಿವಿಗೆ ಬೀಳಬಾರದು. ಮದುವೆಯಾಗಿ ಹೋಗುವ ಹುಡುಗಿ."

ನಾನು ಒಪ್ಪಲಿಲ್ಲ. ಸಲಹೆಗಾರರು ಹೀಗೆ ಮಾಡಿ, ಹಾಗೆ ಮಾಡಿ ಎನ್ನಬಾರದೆಂದು ನಮಗೆ ಕಲಿಸುತ್ತಾರೆ, ನಾನೂ ಅದನ್ನು ಪಾಲಿಸುತ್ತೇನೆ. ಒಂದು ಕಡೆ ಮಾತ್ರ ಹಟ ಹಿಡಿಯುತ್ತೇನೆ. ಡಿಎನ್‌ಎ ಹೊತ್ತ ವರ್ಣತಂತುಗಳು ಸುಲಭವಾಗಿ ಒಡೆಯುತ್ತವೆಯೇ ಎಂದು ನೋಡಿ ಈ ಕಾಯಿಲೆಯನ್ನು ಪತ್ತೆಹಚ್ಚುವ ಪರೀಕ್ಷೆಯಾಗದೆ ಒಡಹುಟ್ಟಿದವರ ಮಜ್ಜೆ ತೆಗೆಯಕೂಡದು. ಮೇಲೆ ಏನೂ ಕಾಣದೆ ಒಳಗೆ ಅದೇ ಕಾಯಿಲೆ ಇರುವವರಿದ್ದಾರೆ. ಅವರ ಮಜ್ಜೆ ಕೊಟ್ಟರೆ ಇಬ್ಬರಿಗೂ ಕೇಡು. ಪರೀಕ್ಷೆ ಮಾಡುವುದಾದರೆ ಯಾಕೆಂದು ಅವಳಿಗೆ ಹೇಳಲೇಬೇಕು.

ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಅವಳಿಗೆ ಅರ್ಧ ಗೊತ್ತಿತ್ತು. ಕಾಗದ ಎಳೆದುಕೊಂಡು ಲೆಕ್ಕ ಬರೆದೆ: ನಿನಗೆ ಕಾಯಿಲೆ ಇಲ್ಲವೆಂದಾದರೂ ನೀನು ದೋಷದ ವಾಹಕಳಾಗಿರುವ, ಅಂದರೆ ಕಾಯಿಲೆ ಬಾರದೆ ದೋಷದ ಒಂದು ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ನಿನ್ನ ತಾಯಿ ವಾಹಕಿ, ಹಾಗಾಗಿ ಮಾವನಿಗೂ ಕನಿಷ್ಠ ಅರ್ಧ ಪಾಲು ಸಾಧ್ಯತೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಅವಳು ಬಹಳ ಹೊತ್ತು ಕಾಗದವನ್ನೇ ನೋಡಿದಳು. ಅಳುತ್ತಾಳೆಂದುಕೊಂಡು ನೀರಿನ ಲೋಟ ಸರಿಸಿದೆ. ಅವಳು ಅದನ್ನು ಹಿಂದಕ್ಕೆ ತಳ್ಳಿದಳು.

"ಮಜ್ಜೆ ಕೇಳುವಾಗ ನಾನು ಈ ಮನೆಯ ಮಗಳು. ವರದಿ ಕೊಡುವಾಗ ಮಾತ್ರ ಮದುವೆಯಾಗಿ ಹೋಗುವವಳು. ಅಲ್ಲವಾ ಮೇಡಂ?"

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಎರಡು ಮನೆಗಳಲ್ಲಿ ದಾನಿಗಳಿಗೆ ಕಾಯಿಲೆ ಇಲ್ಲವೆಂದು ತಿಳಿದ ಕೂಡಲೇ ಕಡತ ಮುಚ್ಚಿದ್ದೆ. ವಾಹಕರೇ ಎಂದು ನೋಡಿಸಿಕೊಳ್ಳುವ ದಾರಿಯನ್ನು ಅವರಿಗೆ ತೋರಿಸಿರಲಿಲ್ಲ.

ಅವಳಿಗೆ ಕೊಟ್ಟ ಸಲಹೆ ಇಷ್ಟು. ವಾಹಕಳಾಗಿದ್ದರೂ ಮಜ್ಜೆ ಕೊಡಬಹುದು. ತಮ್ಮನಲ್ಲಿ ದೋಷ ಯಾವುದೆಂದು ಗೊತ್ತಿರುವುದರಿಂದ ನಿನ್ನಲ್ಲೂ ಮಾವನಲ್ಲೂ ಅದೊಂದನ್ನೇ ಹುಡುಕಿದರೆ ಸಾಕು. ನಿನ್ನ ವರದಿ ನಿನ್ನ ಕೈಗೆ ಮಾತ್ರ ಬರುತ್ತದೆ. ಮದುವೆಯ ತೀರ್ಮಾನ ನಿಮ್ಮಿಬ್ಬರದು, ಆದರೆ ಅವನ ಪರೀಕ್ಷೆಯಾಗುವವರೆಗೆ ದಿನ ಗೊತ್ತುಮಾಡಬೇಡ.

ತಂದೆ ಕೂಗಾಡಿದರು, ಸಂಬಂಧ ಮುರಿಯಲು ಬಂದವಳು ಎಂದರು. ಮದುವೆ ಬೇಡವೆಂದು ನಾನು ಹೇಳಿರಲೇ ಇಲ್ಲ. ವಾಹಕರಿಬ್ಬರು ಮದುವೆಯಾದರೂ ಗರ್ಭದಲ್ಲಿಯೇ ಪರೀಕ್ಷಿಸುವ ದಾರಿಯಿದೆ. ಚಿಕಿತ್ಸೆಯ ನಡುವೆ ಹುಡುಗಿಯನ್ನು ಹೆದರಿಸಿದಿರಿ ಎಂದು ಸಹೋದ್ಯೋಗಿಯೊಬ್ಬರೂ ಆಕ್ಷೇಪಿಸಿದರು. ಕಸಿಯಾಗಿ ವರ್ಷ ಕಳೆದ ಮೇಲೆ ಹೇಳಿದ್ದರೆ ಅವಳು ಆಗಲೇ ಬಸುರಿಯಾಗಿರುತ್ತಿದ್ದಳೇನೋ.

ಅವಳಲ್ಲಿ ಕಾಯಿಲೆ ಇರಲಿಲ್ಲ. ಮಜ್ಜೆ ಕೊಟ್ಟಳು. ಹುಡುಗನಿಗೆ ಕೀಮೋ ಔಷಧವನ್ನು ಎಂದಿಗಿಂತ ತಗ್ಗಿಸಿ ಕೊಟ್ಟರು, ಈ ಕಾಯಿಲೆಯವರ ಮೈ ಅದನ್ನು ತಾಳುವುದಿಲ್ಲ. ಕಸಿಯಿಂದ ರಕ್ತ ಬದಲಾಗುತ್ತದೆ, ಬಾಯಿ ಗಂಟಲಿನ ಕೋಶಗಳು ಹಳೆಯವೇ. ಅಲ್ಲಿ ಕ್ಯಾನ್ಸರಿನ ಅಪಾಯ ಉಳಿದೇ ಇರುತ್ತದೆ. ಗುಟ್ಕಾ, ಅಡಿಕೆ, ಬೀಡಿ, ಹೆಂಡ ಜನ್ಮದಲ್ಲಿ ಮುಟ್ಟಬಾರದು, ಬಾಯಿಯ ತಪಾಸಣೆ ತಪ್ಪಿಸಬಾರದು ಎಂದು ಅವನಿಂದಲೇ ಬರೆಸಿದೆ.

ನಾಲ್ಕು ತಿಂಗಳ ಮೇಲೆ ಮಾವ ಬಂದರು, ಜೊತೆಗೆ ಯಾರೂ ಇರಲಿಲ್ಲ. ಬಾಗಿಲಲ್ಲೇ ನಿಂತು, "ಇದನ್ನು ನಮ್ಮ ಅಕ್ಕನಿಗೆ ಹೇಳುತ್ತೀರಾ?" ಎಂದರು. ಇಲ್ಲ ಎಂದೆ. ಕುಳಿತು ಅಂಗಿಯ ತೋಳು ಮಡಿಸಿದರು.

ಅವರ ವರದಿಯಲ್ಲಿ ಏನಿತ್ತೆಂದು ಇಲ್ಲಿಯೂ ಬರೆಯುವುದಿಲ್ಲ.